ಆಟದ ಅಂಗಡಿಯಲ್ಲಿ ರೂಪಾಯಿ ಏಕೆ ಕಾಣುವುದಿಲ್ಲ?

ಪ್ರಶ್ನೆ: ಮಗ ಮೊಬೈಲಿನಲ್ಲಿ ಆಡುವ ಆಟ ಉಚಿತ. ಆದರೆ ಒಳಗೆ ಉಡುಪಿಗೂ ಬಂದೂಕಿನ ಸ್ಕಿನ್‌ಗೂ (ಹೊರ ಅಲಂಕಾರಕ್ಕೂ) ಡೈಮಂಡ್ ಕೇಳುತ್ತದೆ. ನೇರವಾಗಿ ರೂಪಾಯಿಯಲ್ಲೇ ಬೆಲೆ ಹಾಕಬಾರದೇಕೆ?

ಉತ್ತರ: ಹಾಕಬಹುದು. ಹಾಕಿದರೆ ಕೊಳ್ಳುವವರು ಎರಡು ಸಲ ಯೋಚಿಸುತ್ತಾರೆ, ತೊಡಕಿರುವುದು ಅಲ್ಲಿಯೇ. ಫ್ರೀ ಫೈರ್‌ನಲ್ಲಿ ಡೈಮಂಡ್, ಬಿಜಿಎಂಐನಲ್ಲಿ ಯುಸಿ, ರೋಬ್ಲಾಕ್ಸ್‌ನಲ್ಲಿ ರೋಬಕ್ಸ್ ಎಂದು ಹೆಸರು ಬೇರೆಯಾದರೂ ಹಣ ಕೊಟ್ಟು ಕೊಳ್ಳುವ ಈ ಆಟದೊಳಗಿನ ನಾಣ್ಯಗಳೆಲ್ಲದರ ಕೆಲಸ ಒಂದೇ: ಹಣ ತೆರುವ ಗಳಿಗೆಯನ್ನೂ ವಸ್ತು ಕೊಳ್ಳುವ ಗಳಿಗೆಯನ್ನೂ ಬೇರ್ಪಡಿಸುವುದು. ಟಾಪ್ ಅಪ್ ಮಾಡಲು ಯುಪಿಐ ಪಿನ್ ಒತ್ತುವಾಗ ಇರುವ ಎಚ್ಚರ, ಮರುದಿನ ಡೈಮಂಡ್ ಖರ್ಚು ಮಾಡುವಾಗ ಉಳಿದಿರುವುದಿಲ್ಲ.

ಹೆಚ್ಚಿನ ಜಾಣತನವಿರುವುದು ಪ್ಯಾಕ್‌ಗಳ ಅಳತೆಯಲ್ಲಿ. ಲೆಕ್ಕಕ್ಕೆಂದು ಹೀಗಿಟ್ಟುಕೊಳ್ಳಿ: ಮಗ ಬಯಸಿದ ಜಾಕೆಟ್‌ಗೆ 400 ಡೈಮಂಡ್, ಆದರೆ ಮಾರಾಟಕ್ಕಿರುವುದು 300ರ ಮತ್ತು 500ರ ಪ್ಯಾಕ್ ಮಾತ್ರ. 500 ಕೊಂಡರೆ 100 ಉಳಿಯುತ್ತದೆ. ಆ 100ಕ್ಕೆ ಬರುವಂಥದ್ದು ಏನೂ ಇರುವುದಿಲ್ಲ, ಆದರೆ ಇನ್ನು 300 ಸೇರಿಸಿದರೆ ಮತ್ತೊಂದು ಜಾಕೆಟ್ ಬರುತ್ತದೆ. ಚಿಲ್ಲರೆಯಿಲ್ಲದ ಬಸ್ ಕಂಡಕ್ಟರ್ ಟಿಕೆಟಿನ ಹಿಂದೆ ಬಾಕಿ ಬರೆದುಕೊಟ್ಟರೆ, ನೆನಪಿಟ್ಟವರು ಇಳಿಯುವ ಮುನ್ನ ಕೇಳಿ ಪಡೆಯುತ್ತಾರೆ. ಇಲ್ಲಿ ಉಳಿದ ಡೈಮಂಡನ್ನು ಅಂಗಡಿ ರೂಪಾಯಿಯಾಗಿ ಹಿಂದಿರುಗಿಸುವುದಿಲ್ಲ. ಆ ಬಾಕಿಯೇ ಮುಂದಿನ ಖರೀದಿಗೆ ಕರೆಯುತ್ತಿರುತ್ತದೆ.

ಈ ಉಪಾಯ ಹೊಸದೇನಲ್ಲ. 2006ರಲ್ಲಿ 'ಒಬ್ಲಿವಿಯನ್' ಆಟದ ಕುದುರೆಗೆ ತೊಡಿಸುವ ಕವಚವನ್ನು 200 ಮೈಕ್ರೋಸಾಫ್ಟ್ ಪಾಯಿಂಟ್‌ಗೆ ಮಾರಲಾಯಿತು. ಒಂದು ಡಾಲರ್‌ಗೆ 80 ಪಾಯಿಂಟ್ ಇದ್ದುದರಿಂದ ಅದರ ನಿಜವಾದ ಬೆಲೆ ಎರಡೂವರೆ ಡಾಲರ್ ಎಂದು ತಿಳಿಯಲು ಭಾಗಾಕಾರ ಮಾಡಬೇಕಿತ್ತು. ಕುದುರೆಯ ಕವಚ ಇಂದಿಗೂ ಆಟಗಾರರ ನಡುವೆ ನಗೆಯ ವಸ್ತು. ಮೈಕ್ರೋಸಾಫ್ಟ್ 2013ರಲ್ಲಿ ಪಾಯಿಂಟ್‌ಗಳನ್ನು ಕೈಬಿಟ್ಟು ಆಯಾ ದೇಶದ ಹಣದಲ್ಲೇ ಬೆಲೆ ತೋರಿಸತೊಡಗಿತು. ಮೊಬೈಲ್ ಆಟಗಳು ಮಾತ್ರ ಅದೇ ಹಾದಿಯನ್ನು ಇನ್ನಷ್ಟು ಅಗಲ ಮಾಡಿಕೊಂಡವು.

ಆಟದೊಳಗಿನ ವಸ್ತುವಿನ ಬೆಲೆಯನ್ನು ನಿಜವಾದ ಹಣದಲ್ಲೂ ತೋರಿಸಬೇಕು, ಬೇಡದ ಪ್ಯಾಕ್ ಕೊಳ್ಳುವಂತೆ ಮಾಡಬಾರದು ಎಂದು ಯುರೋಪಿನ ಗ್ರಾಹಕ ರಕ್ಷಣಾ ಪ್ರಾಧಿಕಾರಗಳು 2025ರ ಮಾರ್ಚ್‌ನಲ್ಲಿ ಹೇಳಿದವು. ನಮ್ಮಲ್ಲಿ ಅದೇ ವರ್ಷ ಬಂದ ಆನ್‌ಲೈನ್ ಗೇಮಿಂಗ್ ಕಾಯ್ದೆ ನಿಷೇಧಿಸಿದ್ದು, ಗೆದ್ದರೆ ಹಣ ಬರುತ್ತದೆಂಬ ನಿರೀಕ್ಷೆಯಿಂದ ಹಣ ಹೂಡಿ ಆಡುವ ಆಟಗಳನ್ನು. ಜಾಕೆಟ್ ಕೊಳ್ಳುವವನಿಗೆ ಅಂಥ ನಿರೀಕ್ಷೆಯೇ ಇಲ್ಲದ್ದರಿಂದ, ನಾನು ಅರ್ಥಮಾಡಿಕೊಂಡಂತೆ, ಈ ವ್ಯಾಪಾರ ಆ ನಿಷೇಧಕ್ಕೆ ಸಿಗುವುದಿಲ್ಲ.

ನೀವು ಮಾಡಬಹುದಾದದ್ದು ಇಷ್ಟು. ಪ್ಲೇ ಸ್ಟೋರ್‌ನ ಸೆಟ್ಟಿಂಗ್ಸ್‌ನಲ್ಲಿ ಪ್ರತಿ ಖರೀದಿಗೂ ದೃಢೀಕರಣ ಕೇಳುವಂತೆ ಮಾಡಿ. ಮಗು ಅರಿಯದೆ ಕೊಂಡಿದ್ದರೆ 48 ಗಂಟೆಯೊಳಗೆ ಗೂಗಲ್‌ಗೆ ಮರುಪಾವತಿ ಕೋರಿ. ಅವಧಿ ಮೀರಿದರೆ ಆಟದ ಕಂಪನಿಯನ್ನೇ ಕೇಳಬೇಕಾಗಬಹುದು. ಮಗ ಜಾಕೆಟ್ ಬೇಕೆಂದಾಗ ಅದರ ರೂಪಾಯಿ ಲೆಕ್ಕವನ್ನು ಅವನಿಂದಲೇ ಬರೆಸಿ, ಆದರೆ 400 ಡೈಮಂಡ್‌ಗೆ ಎಷ್ಟೆಂದಲ್ಲ, 500ರ ಪ್ಯಾಕ್‌ಗೆ ಎಷ್ಟೆಂದು.