ಮೆತೂಷೆಲಹನ ಹೆಸರಿನಲ್ಲಿ ಸಾವು ಇಲ್ಲ

ಬೈಬಲ್ಲಿನ ಆದಿಕಾಂಡದ 5ನೇ ಅಧ್ಯಾಯ ಪೂರ್ತಿ ವಂಶಾವಳಿ. ಅದರಲ್ಲಿ 969 ವರ್ಷ ಬದುಕಿದವನು ಮೆತೂಷೆಲಹ. ಅವನ ಹೆಸರಿಗೆ ‘ಅವನು ಸತ್ತಾಗ ಅದು ಬರುತ್ತದೆ’ ಎಂದು ಅರ್ಥವಂತೆ, ‘ಅದು’ ಎಂದರೆ ಅವನ ಮೊಮ್ಮಗ ನೋಹನ ಕಾಲದ ಜಲಪ್ರಳಯವಂತೆ, ಮಗು ಹುಟ್ಟಿದಾಗಲೇ ಪ್ರಳಯದ ಗಡುವನ್ನು ಹೆಸರಿನಲ್ಲಿ ಬರೆದಿಟ್ಟಿದ್ದರಂತೆ. ಪ್ರವಚನಗಳಲ್ಲಿ, ವಿಡಿಯೊಗಳಲ್ಲಿ, ವಾಟ್ಸಾಪ್ ಸಂದೇಶಗಳಲ್ಲಿ ಈ ಮಾತು ಸುತ್ತುತ್ತಲೇ ಇದೆ. ಕೇಳಿದವರಿಗೆ ಮೈ ಜುಮ್ಮೆನ್ನುತ್ತದೆ, ನಿಜ. ಆದರೆ ಆದಿಕಾಂಡದ ಮೂಲ ಭಾಷೆಯಾದ ಹೀಬ್ರೂವಿನ ವ್ಯಾಕರಣ ಇದಕ್ಕೆ ಎಡೆ ಕೊಡುವುದಿಲ್ಲ. ಒಂದೇ ಒಂದು ಅಕ್ಷರ ಎಲ್ಲಿ ಕೂತಿದೆ ಎಂದು ನೋಡಿದರೆ ಸಾಕು, ಕಥೆ ಬಿಚ್ಚಿಕೊಳ್ಳುತ್ತದೆ.

ಕನ್ನಡದಲ್ಲಿ ಪದ ಬೆಳೆಯುವುದು ಬಾಲದ ಕಡೆ: ಮನೆ, ಮನೆಗೆ, ಮನೆಯಿಂದ. ಹೀಬ್ರೂ ಪದ ಒಳಗೇ ಬದಲಾಗುತ್ತದೆ. ಸಾಮಾನ್ಯವಾಗಿ ಮೂರು ವ್ಯಂಜನಗಳು ಧಾತುವಾಗಿ ನಿಲ್ಲುತ್ತವೆ, ಸ್ವರಗಳು ಅವುಗಳ ನಡುವೆ ಬಂದು ಹೋಗುತ್ತವೆ. ಮನೆಯ ಕಂಬಗಳು ಕದಲದೆ ನಡುವಿನ ಗೋಡೆಗಳನ್ನು ಮಾತ್ರ ಬದಲಿಸಿದ ಹಾಗೆ. ಇನ್ನೊಂದು ರೀತಿಯಲ್ಲಿ ಹೇಳುವುದಾದರೆ, ಕಾಗುಣಿತವನ್ನೆಲ್ಲ ತೆಗೆದು ‘ಕ-ಲ’ ಎಂದಷ್ಟೇ ಬರೆದ ಹಾಗೆ: ಕಾಲು, ಕಲೆ, ಕೋಲು, ಕೀಲಿ ಎಲ್ಲವೂ ಅದರೊಳಗೆ ಅಡಗಿರುತ್ತವೆ. ಹಳೆಯ ಹೀಬ್ರೂ ಬರವಣಿಗೆ ಹೆಚ್ಚುಕಡಿಮೆ ಹೀಗೇ ಇತ್ತು. ಇಂದು ಕಾಣುವ ಚುಕ್ಕೆ-ಗೆರೆಗಳ ಸ್ವರಚಿಹ್ನೆಗಳು ಎಷ್ಟೋ ಶತಮಾನಗಳ ನಂತರ ಸೇರಿದವು.

ಸಾವಿನ ಧಾತು ಮ್-ವ್-ತ್. ಮಾವೆತ್ ಎಂದರೆ ಸಾವು, ಮೋತೋ ಎಂದರೆ ಅವನ ಸಾವು, ಯಾಮೂತ್ ಎಂದರೆ ಸಾಯುವನು. ಇವುಗಳಲ್ಲಿ ವಾವ್ ಅಕ್ಷರದ (‘ವ್’ಗೂ ‘ಊ’, ‘ಓ’ ಸ್ವರಗಳಿಗೂ ಇದೇ ಅಕ್ಷರ) ಜಾಗ ಮೇಮ್ (ಮ್) ಮತ್ತು ತಾವ್ (ತ್) ಅಕ್ಷರಗಳ ನಡುವೆ. ಮೆತೂಷೆಲಹನ ಹೆಸರನ್ನು ಬಿಡಿಸಿದರೆ ಸಿಗುವುದು ಮೇಮ್, ತಾವ್, ವಾವ್, ಶಿನ್, ಲಾಮೆದ್, ಹೇತ್. ವಾವ್ ಇರುವುದು ತಾವ್ ಆದಮೇಲೆ. ಇದೇ ಮೂರು ಅಕ್ಷರಗಳನ್ನು ‘ಮೇತೂ’ ಎಂದು ಓದಿದರೆ ‘ಅವರು ಸತ್ತರು’ ಎಂಬ ಬಹುವಚನ ಸಿಗುತ್ತದೆ ಎನ್ನುವುದು ನಿಜ. ಒಬ್ಬ ಮನುಷ್ಯನ ಹೆಸರಿಗೆ ಅದು ಹೊಂದುವುದಿಲ್ಲ.

ಸ್ವರಚಿಹ್ನೆ ಆಮೇಲೆ ಬಂದದ್ದಲ್ಲವೇ, ಮೊದಲು ‘ಮೋತೋ’ ಎಂದೇ ಇದ್ದಿರಬಹುದಲ್ಲವೇ ಎಂದು ಕೇಳುವವರಿದ್ದಾರೆ. ಒಳ್ಳೆಯ ಪ್ರಶ್ನೆ. ಅದಕ್ಕೆ ಸಾಕ್ಷಿ ಗ್ರೀಕ್ ಅನುವಾದದಲ್ಲಿದೆ. ಸೆಪ್ಟುಅಜಿಂಟ್ ಎಂದು ಕರೆಯುವ ಆ ಅನುವಾದ ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ ಶುರುವಾಯಿತು. ಗ್ರೀಕರು ಸ್ವರ ಬರೆಯುತ್ತಿದ್ದರು, ಹಾಗಾಗಿ ಅಂದಿನ ಉಚ್ಚಾರಣೆ ಅಲ್ಲಿ ಅಚ್ಚಾಗಿ ಉಳಿದಿದೆ: ಮಾಥೂಸಲಾ. ಮೊದಲ ಸ್ವರ ‘ಆ’, ಎರಡನೆಯದು ‘ಊ’. ‘ಮೋತೋ’ದ ಸುಳಿವೇ ಇಲ್ಲ.

ಹಾಗಾದರೆ ‘ಮೆತೂ’ ಏನು? ಹೀಬ್ರೂವಿನಲ್ಲಿ ‘ಮೆತೀಮ್’ ಎಂದರೆ ಗಂಡಸರು, ಜನ. ಆದಿಕಾಂಡ 34:30ರಲ್ಲಿ ಯಾಕೋಬನು ‘ನಾವು ಎಣಿಕೆಯಷ್ಟೇ ಜನ’ ಎಂದು ಅಂಜುವಾಗ ಬಳಸುವುದು ಈ ಪದವನ್ನೇ. ಬೈಬಲ್ಲಿನಲ್ಲಿ ಇದರ ಏಕವಚನ ಒಂಟಿಯಾಗಿ ಎಲ್ಲೂ ಸಿಗುವುದಿಲ್ಲ, ಹೆಸರುಗಳಲ್ಲಿ ಮಾತ್ರ ಉಳಿದುಕೊಂಡಿದೆ. ಆದರೆ ನೆಂಟ ಭಾಷೆಯಾದ ಅಕ್ಕಾಡಿಯನ್‌ನಲ್ಲಿ ‘ಮುತು’ ಎಂದರೆ ಗಂಡ, ಗಂಡಸು. ಈಜಿಪ್ಟಿನ ಅಮರ್ನಾದಲ್ಲಿ ಸಿಕ್ಕ ಕ್ರಿಸ್ತಪೂರ್ವ 14ನೇ ಶತಮಾನದ ಜೇಡಿಮಣ್ಣಿನ ಪತ್ರಗಳಲ್ಲಿ, ಇಂದಿನ ಜೋರ್ಡಾನಿನ ಪೆಲ್ಲಾ ಊರಿನ ದೊರೆಯ ಹೆಸರು ಮುತ್-ಬಾಲು. ಬಾಳ್ ದೇವರ ಆಳು ಎಂದರ್ಥ. ನಮ್ಮ ‘ಆಳು’ ಇಲ್ಲಿ ಎಷ್ಟು ಚೆನ್ನಾಗಿ ಒಗ್ಗುತ್ತದೆ ನೋಡಿ. ಹೆಸರಿನ ಎರಡನೇ ಭಾಗ ‘ಶೆಲಹ್’ ಈಟಿಯೆಂದಾದರೆ, ಕಾಲಾಳು, ಬಿಲ್ಲಾಳು ಇದ್ದಂತೆ ಮೆತೂಷೆಲಹ ಎಂದರೆ ಈಟಿಯಾಳು. ಆದಿಕಾಂಡ 4:18ರಲ್ಲಿ, ಕಾಯಿನನ ವಂಶದಲ್ಲಿ, ಮೆತೂಷಾಯೇಲನೆಂಬ ಇನ್ನೊಬ್ಬನಿದ್ದಾನೆ. ಅವನ ಹೆಸರು ದೇವರ ಆಳು. ಮೆತೂಷೆಲಹನ ಮಗನಂತೆ ಅವನ ಮಗನ ಹೆಸರೂ ಲೆಮೆಕ. ಗ್ರೀಕ್ ಅನುವಾದಕರು ಇಬ್ಬರನ್ನೂ ಮಾಥೂಸಲಾ ಎಂದೇ ಬರೆದುಬಿಟ್ಟಿದ್ದಾರೆ.

ಮೇಮ್, ತಾವ್ ಕೇಳಿದ ಕೂಡಲೇ ಸಂಸ್ಕೃತದ ‘ಮೃತ’, ‘ಮೃತ್ಯು’ ನೆನಪಾಗುವುದು ಸಹಜ. ನೆಂಟಸ್ತಿಕೆ ಇಲ್ಲ. ಸಂಸ್ಕೃತದ ಧಾತುವಿನ ಜೀವ ಇರುವುದು ಋಕಾರದಲ್ಲಿ, ‘ತ’ ಪ್ರತ್ಯಯದ್ದು.

ಮೆತೂಷೆಲಹದ ನಡುವಿನ ‘ಊ’ ಹೀಬ್ರೂ, ಅಕ್ಕಾಡಿಯನ್‌ಗಳ ಕುಟುಂಬವಾದ ಹಳೆಯ ಸೆಮಿಟಿಕ್ ಭಾಷೆಗಳ ಪ್ರಥಮಾ ವಿಭಕ್ತಿಯ ಪಳೆಯುಳಿಕೆ ಎನ್ನುತ್ತಾರೆ. ಕನ್ನಡದ ಪ್ರಥಮಾ ಪ್ರತ್ಯಯವೂ ‘ಉ’ ಆಗಿರುವುದು ಬರೀ ಕಾಕತಾಳೀಯ. ವಿಭಕ್ತಿ ಸತ್ತುಹೋಗಿ ಎಷ್ಟೋ ಕಾಲವಾದರೂ ಎರಡು ಪದ ಅಂಟಿದ ಕಡೆ ಅಂಟಿನ ಹಾಗೆ ಅದು ಉಳಿದಿದೆ. ಸಮುವೇಲ ಎಂಬಲ್ಲಿ ಇರುವುದೂ ಅದೇ: ಶೇಮ್ ಎಂದರೆ ಹೆಸರು, ಏಲ್ ಎಂದರೆ ದೇವರು, ನಡುವೆ ‘ಊ’. ಆದಿಕಾಂಡ 32ರಲ್ಲಿ ಒಂದೇ ಊರು ಒಂದು ವಚನದಲ್ಲಿ ಪೆನೀಏಲ್, ಮುಂದಿನ ವಚನದಲ್ಲಿ ಪೆನೂಏಲ್. ಅಂಟು ಬದಲಾಯಿತು, ಅರ್ಥ ಬದಲಾಗಲಿಲ್ಲ.

ಎರಡನೇ ಭಾಗಕ್ಕೂ ‘ಬರುತ್ತದೆ’ ಎಂಬ ಅರ್ಥವಿಲ್ಲ. ಶ್-ಲ್-ಹ್ ಧಾತುವಿನ ಅರ್ಥ ಕಳಿಸು. ‘ಕಳಿಸುವನು’ ಎನ್ನಬೇಕಾದರೆ ಮುಂದೆ ಯೋದ್ ಅಕ್ಷರ ಬೇಕು: ಯಿಶ್‌ಲಹ್. ಈ ಹೆಸರಿನಲ್ಲಿ ಯೋದ್ ಇಲ್ಲ.

ಇಷ್ಟಾದರೂ ಜನ ನಂಬುವುದಕ್ಕೆ ಕಾರಣ ಲೆಕ್ಕ. ಬೈಬಲ್ಲಿನ ಸಾಂಪ್ರದಾಯಿಕ ಹೀಬ್ರೂ ಪಠ್ಯದಲ್ಲಿ ಮೆತೂಷೆಲಹನಿಗೆ 187ರಲ್ಲಿ ಲೆಮೆಕ ಹುಟ್ಟಿದ, ಲೆಮೆಕನಿಗೆ 182ರಲ್ಲಿ ನೋಹ ಹುಟ್ಟಿದ, ನೋಹನಿಗೆ 600 ಆದಾಗ ಪ್ರಳಯ. ಕೂಡಿದರೆ 969. ಅಂದರೆ ಮೆತೂಷೆಲಹ ಸತ್ತದ್ದು ಪ್ರಳಯದ ವರ್ಷವೇ. ಯೆಹೂದಿ ಪಂಡಿತರು ಇದನ್ನು ಗಮನಿಸಿದ್ದರು. ಪ್ರಳಯಕ್ಕೆ ಮುಂಚಿನ ಏಳು ದಿನ ಮೆತೂಷೆಲಹನ ಸೂತಕದ ದಿನಗಳು ಎಂದು ಅವರ ಧರ್ಮಗ್ರಂಥ ತಾಲ್ಮುದ್ ಹೇಳುತ್ತದೆ. ಆದರೆ ಯೆಹೂದಿಗಳ ನೆರೆಯ ಸಮುದಾಯವಾದ ಸಮಾರ್ಯರು ಉಳಿಸಿಕೊಂಡ ಪಠ್ಯದಲ್ಲಿ ಅಂಕಿಗಳೇ ಬೇರೆ: 67, 53, 600, ಒಟ್ಟು 720. ಅಲ್ಲಿಯೂ ಅವನು ಪ್ರಳಯದ ವರ್ಷವೇ ಸಾಯುತ್ತಾನೆ, ಆದರೆ ಅವನ ಅಜ್ಜ ಯೆರೆದ, ಮಗ ಲೆಮೆಕ ಕೂಡ ಅದೇ ವರ್ಷ ಸಾಯುತ್ತಾರೆ. ಅವರ ಹೆಸರಿನಲ್ಲಿ ಯಾರೂ ಭವಿಷ್ಯ ಹುಡುಕಿಲ್ಲ. ಗ್ರೀಕ್ ಅನುವಾದದ್ದು ಇನ್ನೂ ಪೇಚು: 167, 188, 600, ಕೂಡಿದರೆ 955. ಆಯಸ್ಸು ಮಾತ್ರ 969ರಲ್ಲೇ ಇದೆ. ಅಂದರೆ ನೋಹನ ನಾವೆ ಹತ್ತದವನು ಪ್ರಳಯದ ನಂತರ 14 ವರ್ಷ ಬದುಕಿದ! ಈ 14 ವರ್ಷಗಳ ಬಗ್ಗೆ ಹಿಂದಿನ ಕಾಲದ ಕ್ರೈಸ್ತ ಪಂಡಿತರಾದ ಸಂತ ಅಗಸ್ಟೀನ್, ಜೆರೋಮ್ ಇಬ್ಬರೂ ತಲೆ ಕೆಡಿಸಿಕೊಂಡಿದ್ದರು. ಕೆಲವು ಗ್ರೀಕ್ ಹಸ್ತಪ್ರತಿಗಳಲ್ಲಿ 167 ಇದ್ದಲ್ಲಿ 187 ಇದೆ, ಆ ಲೆಕ್ಕದಲ್ಲಿ ಅವನು ಪ್ರಳಯಕ್ಕೆ ಮುಂಚೆಯೇ ಸಾಯುತ್ತಾನೆ.

969 ವರ್ಷಗಳಲ್ಲ, ಚಾಂದ್ರಮಾಸಗಳು ಎಂಬ ‘ವೈಜ್ಞಾನಿಕ’ ವಿವರಣೆಯೂ ಆಗಾಗ ಬರುತ್ತದೆ. ಭಾಗಿಸಿದರೆ ಸುಮಾರು 78 ವರ್ಷ, ಒಪ್ಪುವಂತಿದೆ. ಆದರೆ ತಂದೆ ಹನೋಕನು ಮೆತೂಷೆಲಹನನ್ನು ಪಡೆದದ್ದು 65ರಲ್ಲಿ. ಅದನ್ನೂ ತಿಂಗಳೆಂದರೆ ತಂದೆಗೆ ಐದೂಕಾಲು ವರ್ಷ.

ಆದಾಮನಿಂದ ನೋಹನವರೆಗಿನ ಹತ್ತು ಹೆಸರುಗಳನ್ನು ಸಾಲಾಗಿ ಓದಿದರೆ ಗುಪ್ತ ಸಂದೇಶ ಸಿಗುತ್ತದೆ ಎಂಬ ವಾದವೂ ಹೀಗೇ ಕುಸಿಯುತ್ತದೆ. ಅದರಲ್ಲಿ ಕೇನಾನನಿಗೆ ‘ದುಃಖ’ ಎಂಬ ಅರ್ಥ ಕೊಡುತ್ತಾರೆ. ಶೋಕಗೀತೆಗೆ ಹೀಬ್ರೂ ಪದ ಕೀನಾ, ಅದರ ಕೊನೆಯ ಅಕ್ಷರ ಹೇ. ಕೇನಾನನ ಕೊನೆಯ ಅಕ್ಷರ ನೂನ್. ಲೆಮೆಕನಿಗೆ ‘ಹತಾಶ’ ಎನ್ನುತ್ತಾರೆ. ಲ್-ಮ್-ಕ್ ಎಂಬ ಧಾತುವೇ ಬೈಬಲ್ಲಿನ ಹೀಬ್ರೂವಿನಲ್ಲಿ ಇಲ್ಲ.

ಬೈಬಲ್ ತಾನೇ ಹೆಸರುಗಳಿಗೆ ಅರ್ಥ ಹೇಳುವುದುಂಟು. ಆದರೆ ಅದು ನಾದದ ಹೊಂದಾಣಿಕೆ. ನೋಹನ ಹೆಸರು ‘ವಿಶ್ರಮಿಸು’ ಎಂಬ ಧಾತುವಿಗೆ ಹತ್ತಿರ, ಆದಿಕಾಂಡ 5:29 ಅದನ್ನು ಜೋಡಿಸುವುದು ‘ಸಂತೈಸು’ ಎಂಬ ಬೇರೆ ಧಾತುವಿಗೆ. ಸಮುವೇಲನನ್ನು ತಾಯಿ ಹನ್ನ ‘ಕೇಳಿ ಪಡೆದೆ’ ಎಂಬ ಮಾತಿನೊಂದಿಗೆ ಹೊಂದಿಸುತ್ತಾಳೆ. ಇದು ಕಾವ್ಯದ ಕೆಲಸ, ಅದರ ಸೊಗಸೇ ಬೇರೆ. ವೀರಬಲ್ಲಾಳನಿಗೆ ಅಜ್ಜಿ ಬೆಂದ ಕಾಳು ಕೊಟ್ಟಳೆಂಬ ಕಥೆಯೂ ಅದೇ ಜಾತಿಯದು. ಸುಮಾರು 890ರ ಬೇಗೂರು ಶಾಸನದಲ್ಲಿ, ಬಲ್ಲಾಳ ಹುಟ್ಟುವ ಎಷ್ಟೋ ಮೊದಲೇ, ‘ಬೆಂಗಳೂರು’ ಇದೆ. ಕಥೆಯನ್ನು ಪ್ರೀತಿಯಿಂದ ಹೇಳೋಣ, ವ್ಯುತ್ಪತ್ತಿಯ ಜಾಗದಲ್ಲಿ ಕೂರಿಸುವುದು ಬೇಡ.

ನಿಜವಾಗಿ ಇನ್ನೂ ಇತ್ಯರ್ಥವಾಗದೆ ಉಳಿದಿರುವುದು ‘ಶೆಲಹ್’. ಕಳಿಸುವ ಧಾತುವಿನಿಂದ ಹುಟ್ಟಿದ ನಾಮಪದ ಅದು. ಕೈಯಿಂದ ಕಳಿಸಿದ್ದು ಈಟಿ, ನೆಲದ ಮೇಲೆ ಕಳಿಸಿದ ನೀರು ಕಾಲುವೆ. ನೆಹೆಮೀಯನ ಪುಸ್ತಕದಲ್ಲಿ ಎರಡೂ ಸಿಗುತ್ತವೆ. ಯೆರೂಸಲೇಮಿನ ಗೋಡೆ ಕಟ್ಟುವವರು ಒಂದು ಕೈಯಲ್ಲಿ ಕೆಲಸ ಮಾಡುತ್ತಾ ಇನ್ನೊಂದು ಕೈಯಲ್ಲಿ ಶೆಲಹ್ ಹಿಡಿದಿದ್ದರು, ಇಲ್ಲಿ ಅದು ಆಯುಧ. ಅದಕ್ಕಿಂತ ಒಂದು ಅಧ್ಯಾಯ ಹಿಂದೆ, 3:15ರಲ್ಲಿ, ಅದೇ ಮೂರು ಅಕ್ಷರ ಅರಸನ ತೋಟದ ಪಕ್ಕದ ಕೊಳದ ಹೆಸರು.