ಹಳೆಯ ಮಾರುತಿ 800: ಇಂಡಿಕೇಟರ್ ಸ್ವಿಚ್ ರಿಪೇರಿ

ಮಾರುತಿ 800 ತಯಾರಿಕೆ 2014ರ ಜನವರಿಗೇ ನಿಂತಿತು. ಹಾಗಾಗಿ ಕೊನೆಕೊನೆಯ ಗಾಡಿಯಲ್ಲೂ ಸ್ಟೀರಿಂಗ್ ಕೆಳಗಿನ, ಇಂಡಿಕೇಟರ್ ಲಿವರ್ ಇರುವ ಕಾಂಬಿನೇಷನ್ ಸ್ವಿಚ್ಚಿನ ಗ್ರೀಸ್ ಈಗ ಒಣಗಿ ಅಂಟಿನಂತಾಗಿರುತ್ತದೆ. ಒಂದು ಕಡೆಯ ಇಂಡಿಕೇಟರ್ ಉರಿಯದಿದ್ದರೆ ಇಡೀ ಸ್ವಿಚ್ ಬದಲಿಸುವುದು ರೂಢಿ. ಬಹಳ ಸಲ ಅದು ಬೇಕಾಗುವುದೇ ಇಲ್ಲ. ಮೊದಲು ತಪ್ಪು ಸ್ವಿಚ್ಚಿನದೇ ಹೌದೇ ಎಂದು ಅಳೆದು ಖಚಿತ ಮಾಡಿಕೊಳ್ಳಬೇಕು.

ಕರೆಂಟಿನ ದಾರಿ ಹೀಗೆ: ಬ್ಯಾಟರಿ, ಇಗ್ನಿಷನ್ ಸ್ವಿಚ್, ಫ್ಯೂಸ್, ಫ್ಲಾಷರ್ (ಕರೆಂಟನ್ನು ಬಿಟ್ಟು ಬಿಟ್ಟು ಕೊಟ್ಟು ಮಿನುಗಿಸುವ ರಿಲೇ), ಕಾಂಬಿನೇಷನ್ ಸ್ವಿಚ್, ಬಲ್ಬ್, ಅರ್ತ್ (ಗಾಡಿಯ ಬಾಡಿ). ಫ್ಲಾಷರಿನಿಂದ ಬಂದ ಒಂದು ವೈರನ್ನು ಎಡಕ್ಕೋ ಬಲಕ್ಕೋ ಸೇರಿಸುವುದಷ್ಟೇ ಸ್ವಿಚ್ಚಿನ ಕೆಲಸ.

ಹಜಾರ್ಡ್ (ನಾಲ್ಕೂ ಇಂಡಿಕೇಟರ್ ಒಟ್ಟಿಗೆ ಮಿನುಗಿಸುವ ಬಟನ್) ಇರುವ ಗಾಡಿಯಾದರೆ ಮೊದಲು ಅದನ್ನು ಒತ್ತಿ ನೋಡಿ. ನಾಲ್ಕೂ ಮೂಲೆ ಸರಿಯಾಗಿ ಮಿನುಗಿ, ಇಂಡಿಕೇಟರ್ ಹಾಕಿದಾಗ ಒಂದು ಕಡೆ ಮಾತ್ರ ಸತ್ತಿದ್ದರೆ, ಬಲ್ಬು, ಅರ್ತ್ ಎರಡೂ ಸರಿಯಿವೆ. ಅನುಮಾನ ನೇರವಾಗಿ ಕಾಂಬಿನೇಷನ್ ಸ್ವಿಚ್ಚಿನ ಮೇಲೆ. ಹಜಾರ್ಡ್ ಸರಿಯಿದ್ದು ಎರಡೂ ಕಡೆಯ ಇಂಡಿಕೇಟರ್ ಸತ್ತಿದ್ದರೆ ಇಗ್ನಿಷನ್ ಕಡೆಯ ಫ್ಯೂಸ್ ನೋಡಿ. ಫ್ಯೂಸ್ ಚೆನ್ನಾಗಿದ್ದರೆ ಹಜಾರ್ಡ್ ಬಟನ್ನನ್ನು ಇಪ್ಪತ್ತು ಸಲ ಒತ್ತಿ ಬಿಡಿ. ಇಂಡಿಕೇಟರಿನ ಕರೆಂಟ್ ಆ ಬಟನ್ನಿನ ಒಳಗಿನ ಪಾಯಿಂಟ್ (ಲೋಹಕ್ಕೆ ಲೋಹ ಮುಟ್ಟುವ ಜಾಗ) ದಾಟಿಯೇ ಬರುವ ವೈರಿಂಗ್ ಸಾಮಾನ್ಯ. ವರ್ಷಗಟ್ಟಲೆ ಒತ್ತದಿದ್ದರೆ ಅಲ್ಲಿ ಕಿಲುಬು ಕೂರುತ್ತದೆ. ಒಂದು ಕಡೆ ಮಾತ್ರ ವೇಗ ತಪ್ಪಿ ಮಿನುಗುತ್ತಿದ್ದರೆ ಆ ಕಡೆಯ ಬಲ್ಬು, ಹೋಲ್ಡರ್, ಅರ್ತ್ ಮೊದಲು ನೋಡಿ.

ಇಲ್ಲಿ ಕಲಿಯುವವರು ಹೆಚ್ಚಾಗಿ ಎಡವುವುದು ಮಲ್ಟಿಮೀಟರಿನ ಕಂಟಿನ್ಯುಟಿ ಬೀಪ್ (ವೈರ್ ಕೂಡಿದೆ ಎನ್ನುವ ಸದ್ದು) ನಂಬಿ. ಒಂದು ಕಡೆಗೆ 21 ವ್ಯಾಟಿನ ಎರಡು ಬಲ್ಬು, ಪಕ್ಕದ 5 ವ್ಯಾಟಿನದೊಂದು ಸೇರಿ 47 ವ್ಯಾಟ್, ಅಂದರೆ ಸುಮಾರು 4 ಆಂಪಿಯರ್. ಪಾಯಿಂಟಿನಲ್ಲಿ ಬರೀ ಅರ್ಧ ಓಮ್ ತಡೆ ಇದ್ದರೂ ಮೀಟರ್ ಬೀಪ್ ಎನ್ನುತ್ತದೆ. ಆದರೆ ಬಲ್ಬು ಉರಿಯುವಾಗ ಅಲ್ಲೇ ಒಂದೂವರೆ ವೋಲ್ಟಿಗಿಂತ ಹೆಚ್ಚು ಕಳೆದುಹೋಗಿ ಬೆಳಕು ಮಂಕಾಗುತ್ತದೆ. ಆದ್ದರಿಂದ ಬಲ್ಬು ಉರಿಯುತ್ತಿರುವಾಗಲೇ ಅಳೆಯಬೇಕು.

ಫ್ಲಾಷರನ್ನು ಕಿತ್ತು, ಅದರ ಸಾಕೆಟ್ಟಿನ ಬಿ ಮತ್ತು ಎಲ್ ಪಿನ್ನುಗಳಿಗೆ ಒಂದು ತುಂಡು ವೈರ್ ಕೊಡಿ. ಕೀ ಆನ್ ಮಾಡಿ, ತೊಂದರೆಯಿರುವ ಕಡೆಗೆ ಇಂಡಿಕೇಟರ್ ಹಾಕಿದರೆ ಬಲ್ಬು ಮಿನುಗದೆ ಒಂದೇ ಸಮ ಉರಿಯುತ್ತದೆ. ಮೂರನೆಯ ಪಿನ್ ಅರ್ತ್, ಅದಕ್ಕೆ ತಾಗಿದರೆ ಫ್ಯೂಸ್ ಹಾರುತ್ತದೆ. ಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು, ಸ್ವಿಚ್ಚಿನ ವೈರುಗಳು ಕೂಡುವ ಕಪ್ಲರಿನ ಹಿಂಬದಿಯಿಂದ ಕೆಂಪು ಪ್ರೋಬನ್ನು ಫ್ಲಾಷರಿನಿಂದ ಬರುವ ವೈರಿಗೂ ಕಪ್ಪನ್ನು ಬಲ್ಬಿಗೆ ಹೋಗುವ ವೈರಿಗೂ ಮುಟ್ಟಿಸಿ. 0.2 ವೋಲ್ಟಿನೊಳಗೆ ಬಂದರೆ ಸ್ವಿಚ್ ಚೆನ್ನಾಗಿದೆ, ಬಿಚ್ಚಬೇಡಿ. ಅರ್ಧ ವೋಲ್ಟ್ ದಾಟಿದರೆ ಕಿಲುಬು. ಬಲ್ಬು ಉರಿಯದೆ 12 ವೋಲ್ಟ್ ಪೂರ್ತಿ ತೋರಿಸಿದರೆ ಪಾಯಿಂಟ್ ಮುಟ್ಟುತ್ತಲೇ ಇಲ್ಲ, ಇಲ್ಲವೇ ಒಳಗೆ ವೈರ್ ತುಂಡಾಗಿದೆ.

ಬಿಚ್ಚುವ ಮೊದಲು ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಚಕ್ರ ನೇರ ಮಾಡಿ, ಹಾರ್ನ್ ಪ್ಯಾಡ್ ತೆಗೆದು, ಶಾಫ್ಟಿಗೂ ಸ್ಟೀರಿಂಗಿಗೂ ಸೇರಿಸಿ ಮಾರ್ಕರಿನಿಂದ ಗೆರೆ ಎಳೆಯಿರಿ. ನಟ್ಟನ್ನು ಪೂರ್ತಿ ತೆಗೆಯದೆ ನಾಲ್ಕು ಸುತ್ತು ಉಳಿಸಿ ಸ್ಟೀರಿಂಗ್ ಎಳೆಯಿರಿ. ತಟ್ಟನೆ ಬಿಟ್ಟುಕೊಂಡರೂ ಮುಖಕ್ಕೆ ಬಡಿಯುವುದಿಲ್ಲ. ಬರದಿದ್ದರೆ ಪುಲ್ಲರ್ ಹಾಕಿ. ಶಾಫ್ಟಿನ ತುದಿಗೆ ಸುತ್ತಿಗೆ ಏಟು ಬೇಡವೇ ಬೇಡ, ಕಾಲಮ್ ಹಾಳಾಗುತ್ತದೆ. ಏರ್‌ಬ್ಯಾಗ್ ಇರುವ ಬೇರೆ ಗಾಡಿಗಳಿಗೆ ಈ ವಿಧಾನ ಸಲ್ಲದು.

ಸ್ವಿಚ್ ಹೊರಬಂದ ಮೇಲೆ ಮೊದಲು ವೈರುಗಳನ್ನು ನೋಡಿ. ಪ್ರತಿ ವೈರನ್ನೂ ಬುಡದಲ್ಲಿ ಮೆಲ್ಲಗೆ ಎಳೆದರೆ, ಒಳಗೆ ತಾಮ್ರದ ಎಳೆ ತುಂಡಾದದ್ದು ರಬ್ಬರಿನಂತೆ ಹಿಗ್ಗುತ್ತದೆ. ಅಲ್ಲಿ ಕತ್ತರಿಸಿ, 25 ವ್ಯಾಟಿನ ಐರನ್‌ನಿಂದ ಮೂರ್ನಾಲ್ಕು ಸೆಕೆಂಡಿನೊಳಗೆ ಬೆಸುಗೆ ಹಾಕಿ. ಹೆಚ್ಚು ಹೊತ್ತು ಹಿಡಿದರೆ ಸುತ್ತಲಿನ ಪ್ಲಾಸ್ಟಿಕ್ ಕರಗಿ ಪಿನ್ ಓರೆಯಾಗುತ್ತದೆ. ರೋಸಿನ್ ಫ್ಲಕ್ಸ್ ಮಾತ್ರ ಬಳಸಿ. ಆಸಿಡ್ ಫ್ಲಕ್ಸ್ ತಾಮ್ರವನ್ನು ತಿಂದುಹಾಕುತ್ತದೆ.

ಡಬ್ಬಿಯನ್ನು ತೆರೆಯುವಾಗ ಒಂದು ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಕೈಯಿಟ್ಟು ತೆರೆಯಿರಿ. ಲಿವರ್ ನಿಲ್ಲಿಸುವ ಪುಟ್ಟ ಉಕ್ಕಿನ ಗುಂಡು ಮತ್ತು ಸ್ಪ್ರಿಂಗ್ ಹಾರಿದರೆ ಸಿಗುವುದಿಲ್ಲ. ಒಳಗೆ ಹಿತ್ತಾಳೆಯ ಪಟ್ಟಿ ಓಡಾಡುವ ಜಾಡು ಕಪ್ಪಾಗಿ, ಅಂಚಿನಲ್ಲಿ ಹಸಿರು ಕಿಲುಬು ಕಟ್ಟಿರುತ್ತದೆ. ಕಾಂಟ್ಯಾಕ್ಟ್ ಕ್ಲೀನರಿನಲ್ಲಿ ಅದ್ದಿದ ಬಟ್ಟೆಯಿಂದ ಹಳೆಯ ಗ್ರೀಸ್ ಒರೆಸಿ, 1000 ನಂಬರಿನ ಉಪ್ಪುಕಾಗದದಿಂದ ಲೋಹ ಹೊಳೆಯುವಷ್ಟು ಮಾತ್ರ ಉಜ್ಜಿ. ಒರಟು ಕಾಗದದ ಗೀರುಗಳಲ್ಲಿ ಮತ್ತೆ ಬೇಗ ಕಿಲುಬು ಹಿಡಿಯುತ್ತದೆ. ಪೆಟ್ರೋಲಿನಲ್ಲಿ ತೊಳೆದರೆ ಕೆಲವು ಪ್ಲಾಸ್ಟಿಕ್ ಸೀಳುತ್ತದೆ. ಕೊನೆಗೆ ಡೈಎಲೆಕ್ಟ್ರಿಕ್ ಗ್ರೀಸ್, ತೆಳ್ಳಗೆ. ಪಟ್ಟಿಯ ಸುತ್ತ ಪ್ಲಾಸ್ಟಿಕ್ ಕರಗಿದ್ದರೆ ಅಥವಾ ಲಿವರ್ ಹಿಂದಿರುಗಿಸುವ ನಾಲಿಗೆ ಮುರಿದಿದ್ದರೆ ಮಾತ್ರ ಹೊಸ ಸ್ವಿಚ್ ತನ್ನಿ. ಆ ನಾಲಿಗೆಗೆ ಅಂಟು ಹಚ್ಚಿದರೆ ಬಾಳಿಕೆ ಬರುವುದಿಲ್ಲ.

ಮರಳಿ ಜೋಡಿಸುವಾಗ ಲಿವರ್ ನಡುವಿನಲ್ಲೇ ಇರಬೇಕು. ಒಂದು ಕಡೆಗೆ ವಾಲಿದ್ದಾಗ ಸ್ಟೀರಿಂಗ್ ಒತ್ತಿದರೆ ನಾಲಿಗೆ ಹೊರಚಾಚಿ ನಿಂತು ಲಟಕ್ಕನೆ ಮುರಿಯುತ್ತದೆ. ಮಾಡಿದ ಕೆಲಸವೆಲ್ಲ ಅಲ್ಲಿಗೆ ವ್ಯರ್ಥ. ಗೆರೆಗೆ ಗೆರೆ ಕೂಡಿಸಿ, ನಟ್ಟನ್ನು ಟಾರ್ಕ್ ಪಾನಾದಿಂದ ಮ್ಯಾನ್ಯುಯಲ್ ಹೇಳಿದಷ್ಟೇ ಬಿಗಿ ಮಾಡಿ. ತುಂಡು ವೈರ್ ತೆಗೆದು ಫ್ಲಾಷರ್ ಹಾಕಿ, ಬ್ಯಾಟರಿ ಜೋಡಿಸಿ. ನಿಮಿಷಕ್ಕೆ 60ರಿಂದ 120 ಸಲ ಮಿನುಗಬೇಕು, ಎರಡೂ ಕಡೆ ತಿರುಗಿಸಿ ನೇರ ಮಾಡಿದಾಗ ಲಿವರ್ ತಾನಾಗಿ ಮರಳಬೇಕು, ಹಾರ್ನ್ ಕೂಗಬೇಕು.