ಸಬ್ಸಿಡಿ ಮೊದಲು ಬಂತು, ಬಿಗಿ ಪರೀಕ್ಷೆ ಆಮೇಲೆ

ಏಪ್ರಿಲ್ ಬಂತೆಂದರೆ ಬಳ್ಳಾರಿಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಎಲೆಕ್ಟ್ರಿಕ್ ಸ್ಕೂಟರ್ ಇಟ್ಟುಕೊಂಡವರನ್ನು ಆಗ ನೆರೆಹೊರೆಯವರು ಕೇಳುವುದು ಒಂದೇ: ‘ಬ್ಯಾಟರಿಗೆ ಏನೂ ಆಗಲ್ಲ ತಾನೆ?’

ಈ ಭಯ ಶುರುವಾಗಿದ್ದು 2022ರಲ್ಲಿ. ಅದರ ಬೇರು ಇನ್ನೂ ಹಿಂದಿದೆ. ಮೊದಮೊದಲ ಸ್ಕೂಟರುಗಳಲ್ಲಿ ಇದ್ದದ್ದು ಲೆಡ್ ಆಸಿಡ್ ಬ್ಯಾಟರಿ. ಭಾರ ಜಾಸ್ತಿ, ಓಟ ಕಡಿಮೆ. ಕೇಂದ್ರ ಸರ್ಕಾರ 2015ರಲ್ಲಿ ಎಲೆಕ್ಟ್ರಿಕ್ ಗಾಡಿಗಳಿಗೆ ಸಬ್ಸಿಡಿ ಕೊಡುವ ಫೇಮ್ ಯೋಜನೆ ತಂದಿತು. 2019ರ ಎರಡನೇ ಹಂತಕ್ಕೆ 10,000 ಕೋಟಿ ರೂಪಾಯಿ ತೆಗೆದಿಟ್ಟು, ಲೆಡ್ ಆಸಿಡ್ ಗಾಡಿಗಳಿಗೆ ಸಬ್ಸಿಡಿ ಇಲ್ಲ ಎಂದಿತು. ಕಂಪನಿಗಳು ಲಿಥಿಯಂ ಕಡೆ ಓಡಿದವು. ಬ್ಯಾಟರಿಯ ಸುರಕ್ಷತಾ ಪರೀಕ್ಷೆಗೆ ಮಾತ್ರ ಎಐಎಸ್-048 ಎಂಬ ಹಳೆಯ ನಿಯಮವೇ ಇತ್ತು. ಮೊಳೆ ಚುಚ್ಚುವುದು, ಅಲುಗಾಡಿಸುವುದು, ಶಾರ್ಟ್ ಮಾಡುವುದು ಅದರಲ್ಲಿದ್ದವು. ಬ್ಯಾಟರಿಯೊಳಗಿನ ಒಂದು ಸೆಲ್ ಹೊತ್ತಿದರೆ ಪಕ್ಕದ್ದಕ್ಕೂ ಹಬ್ಬುತ್ತದಾ ಎಂದು ನೋಡುವುದು ಇರಲಿಲ್ಲ.

2022ರ ಮಾರ್ಚ್ ಕೊನೆಗೆ ತಮಿಳುನಾಡಿನ ವೆಲ್ಲೂರಿನಲ್ಲಿ, ರಾತ್ರಿ ಚಾರ್ಜಿಗೆ ಹಾಕಿದ್ದ ಸ್ಕೂಟರ್ ಹೊತ್ತಿಕೊಂಡು ಹೊಗೆಗೆ ತಂದೆ, ಮಗಳು ಸತ್ತರು. ಅದೇ ಸಮಯಕ್ಕೆ ಪುಣೆಯಲ್ಲಿ ರಸ್ತೆ ಬದಿ ನಿಂತಿದ್ದ ಸ್ಕೂಟರ್ ಉರಿಯುವ ವಿಡಿಯೊ ಎಲ್ಲರ ಮೊಬೈಲಿಗೂ ಬಂತು. ಏಪ್ರಿಲ್‌ನಲ್ಲಿ ಒಕಿನಾವಾ 3,215, ಪ್ಯೂರ್ ಇವಿ 2,000, ಓಲಾ 1,441 ಗಾಡಿಗಳನ್ನು ತಪಾಸಣೆಗೆ ವಾಪಸ್ ಕರೆದವು. ಸರ್ಕಾರ ತಜ್ಞರ ಸಮಿತಿ ಮಾಡಿತು. ಬ್ಯಾಟರಿ ಸುರಕ್ಷತೆಯ ಎಐಎಸ್-156 ಎಂಬ ಹೊಸ ನಿಯಮಕ್ಕೆ ತಿದ್ದುಪಡಿ ಬಂತು. ಅಕ್ಟೋಬರ್ 1ರಿಂದ ಜಾರಿ ಎಂದದ್ದು ಎರಡು ಕಂತಾಯಿತು: 2022ರ ಡಿಸೆಂಬರ್ 1 ಮತ್ತು 2023ರ ಮಾರ್ಚ್ 31.

ಈಗ ಪರೀಕ್ಷೆಯಲ್ಲಿ ಬೇಕಂತಲೇ ಒಂದು ಸೆಲ್ಲನ್ನು ಕಾಯಿಸಿ ಕೆಡಿಸುತ್ತಾರೆ. ಆದರೂ ಸೆಲ್‌ಗಳನ್ನು ಜೋಡಿಸಿದ ಇಡೀ ಪ್ಯಾಕ್‌ಗೆ ಬೆಂಕಿ ಹತ್ತಬಾರದು, ಅದು ಸಿಡಿಯಬಾರದು. ಸೆಲ್‌ಗಳ ನಡುವೆ ಜಾಗ ಬಿಟ್ಟಿರಬೇಕು. ಒಳಗಿನ ಗ್ಯಾಸ್ ಹೊರಹೋಗಲು ದಾರಿ ಇರಬೇಕು. ಬಿಸಿ ಮಿತಿ ಮೀರಿದರೆ ದೀಪ, ಸದ್ದು ಎರಡೂ ಎಚ್ಚರಿಸಬೇಕು. ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿದರೂ ಹಾನಿಯಾಗುವಷ್ಟು ನೀರು ಒಳಗೆ ಇಳಿಯಬಾರದು. ಒಳ್ಳೆಯ ನಿಯಮಗಳೇ, ತಡವಾಗಿ ಬಂದವು ಅಷ್ಟೇ.

ಆದರೆ ಜೀನ್ಸ್ ಮೂಟೆ ಕಾಲ ಹತ್ತಿರ ಇಟ್ಟುಕೊಂಡು ಬಳ್ಳಾರಿಯ ಗಲ್ಲಿಗಳಲ್ಲಿ ಓಡುವ ಎಷ್ಟೋ ಸ್ಕೂಟರುಗಳಿಗೆ ನಂಬರ್ ಪ್ಲೇಟೇ ಇಲ್ಲ. ಮೋಟಾರ್ 250 ವಾಟ್‌ಗಿಂತ ಕಡಿಮೆ, ವೇಗ ಗಂಟೆಗೆ 25 ಕಿ.ಮೀ. ಒಳಗಿದ್ದರೆ ಕಾನೂನಿನ ಲೆಕ್ಕದಲ್ಲಿ ಅದು ಮೋಟಾರು ವಾಹನವೇ ಅಲ್ಲ. ಆರ್‌ಸಿ ಬೇಡ, ಲೈಸೆನ್ಸ್ ಬೇಡ. ಗಾಡಿಗೆ ಸಿಕ್ಕ ಈ ರಿಯಾಯಿತಿಯ ಜೊತೆ ಬ್ಯಾಟರಿಯೂ ಬಿಗಿ ಕಣ್ಣಿನಿಂದ ಜಾರಿಕೊಂಡಿತು ಎಂಬುದು ನನ್ನ ತಕರಾರು. ಬೆಂಕಿಗೆ ವೇಗದ ಹಂಗಿಲ್ಲ, ಅಲ್ವಾ?

ಇನ್ನೊಂದು, 2022ಕ್ಕೂ ಮುಂಚಿನ ಗಾಡಿಗಳು. ಅವುಗಳಲ್ಲಿ ಎಷ್ಟೋ ಗಾಡಿಗಳ ವಾರಂಟಿ ಮುಗಿದಿದೆ. ಕಂಪನಿ ಬ್ಯಾಟರಿ ದುಬಾರಿ ಎಂದು ಜನ ಲೋಕಲ್ ಪ್ಯಾಕ್ ಹಾಕಿಸುತ್ತಾರೆ. ಕಾರ್ಖಾನೆಯಿಂದ ಬಂದ ಗಾಡಿ ಪರೀಕ್ಷೆ ಪಾಸಾಗಿದ್ದರೂ, ಅಂಗಡಿಯಲ್ಲಿ ಸೆಲ್ ಜೋಡಿಸಿ ಕೊಟ್ಟ ಪ್ಯಾಕ್‌ಗೆ ಆ ಪಾಸು ಅನ್ವಯಿಸುವುದಿಲ್ಲ. ಹಾಕಿಸಲೇಬೇಕಾದರೆ ಯಾವ ಸೆಲ್, ಯಾವ ಬಿಎಂಎಸ್ (ಬ್ಯಾಟರಿಯ ಚಾರ್ಜು, ಬಿಸಿಯ ಮೇಲೆ ಕಣ್ಣಿಡುವ ಸರ್ಕ್ಯೂಟ್) ಎಂದು ಕೇಳಿ ಬಿಲ್ಲಿನಲ್ಲೇ ಬರೆಸಿಕೊಳ್ಳಿ. ಬರೆಯಲ್ಲ ಅಂದರೆ ಬೇರೆ ಅಂಗಡಿ ನೋಡಿ.